ಉಡಿಯೊಳಗಿನ ಡಬ್ಬಿ

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಉಮೇದೂ ಇಲ್ಲ. ನಮ್ಮಕ್ಕನ ದನಿಯನ್ನು ಚಮಚೆ ಚಮಚೆಯಾಗಿ ಕಳೆದು ಕೈಗೆ ಕೊಟ್ಟರು. ಕಳೆದವರೇನು ಕಳ್ಳಕಾಕರೇ? ಹಣೆತುಂಬ ಕುಂಕುಮ, ಬಾಯಿತುಂಬ ನಗು, ಎಲ್ಲ ನಮ್ಮವರೇ. ಅದಕ್ಕೇ ಸಿಟ್ಟು ಜಾಸ್ತಿ.

ಅಕ್ಕ ಇರುವುದು ಹೈದರಾಬಾದಿನ ನಾರಾಯಣಗೂಡದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ, ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ. ಭಾವ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು. ಅಜ್ಜನ ಕಾಲಕ್ಕೇ ಕಲಬುರ್ಗಿ ಕಡೆಯಿಂದ ಬಂದು ಇಲ್ಲಿ ಬೇರು ಬಿಟ್ಟ ಮಂದಿ ನಾವು. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಮಾತು. ಇಂಥ ಮನೆಗಳ ಹೆಣ್ಣುಮಕ್ಕಳು ಪ್ರತಿ ಶುಕ್ರವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಾರೆ. ಮಂಡಳಿ ಅಂತ ಅದಕ್ಕೊಂದು ಹೆಸರು. ನಿಜ ಹೇಳಬೇಕೆಂದರೆ ಎಲ್ಲರೂ ಬರುತ್ತಿದ್ದುದು ಅಕ್ಕನ ದನಿ ಕೇಳಲಿಕ್ಕೆ. ಆಕೆ ಮೇಲಿನ ಸ್ವರ ಹಿಡಿದು ನಿಂತರೆ ಕೆಳಗಿನ ಮನೆಯವರು ಟಿವಿಯ ಸದ್ದು ಸಣ್ಣದು ಮಾಡುತ್ತಿದ್ದರು. ಆಕೆಗೆ ನೌಕರಿ ಇರಲಿಲ್ಲ, ಡಿಗ್ರಿ ಇರಲಿಲ್ಲ, ಮಕ್ಕಳಾಗಲಿಲ್ಲ. ಇದ್ದದ್ದು ಆ ದನಿ ಒಂದೇ.

ನಾನು ಇರುವುದು ಅದೇ ಊರಿನ ಅಂಚಿನ ಉಪ್ಪಲ್‌ನಲ್ಲಿ. ನಾಚಾರಂನ ಒಂದು ಔಷಧಿ ಫ್ಯಾಕ್ಟರಿಯ ಪರೀಕ್ಷೆ ವಿಭಾಗದಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದೆ. ನಂಬದೆ ಇರುವುದಕ್ಕೇ ನನಗೆ ಪಗಾರ ಕೊಡುತ್ತಿದ್ದರು. ಮಾಲು ಚೆನ್ನಾಗಿದೆ ಅಂತ ಮೇಲಿನವರು ಹೇಳಿದರೂ ಸರಿ, ಪಕ್ಕದಲ್ಲಿ ಹೋಲಿಸಿ ನೋಡಲು ಇನ್ನೊಂದನ್ನು ಇಡದೆ ಯಾವುದನ್ನೂ ಪಾಸು ಮಾಡುವಂತಿರಲಿಲ್ಲ. ಆ ಚಟ ಮನೆಗೂ ಬಂತು. ತರಕಾರಿಯವನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ನಾನು ಜಗಳಗಂಟಿ.

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ. ಮೆಟ್ರೋ ಹಿಡಿದು, ಪರೇಡ್ ಗ್ರೌಂಡಿನಲ್ಲಿ ಗಾಡಿ ಬದಲಿಸಿ ನಾನೂ ಹೋಗಿದ್ದೆ. ಅವತ್ತು ಭಜನೆ ಇದ್ದದ್ದು ಮಂಡಳಿಯ ಹಿರಿಯರೊಬ್ಬರ ಮನೆಯಲ್ಲಿ. ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಭಜನೆ, ಮಂಗಳಾರತಿ ಮುಗಿದ ಮೇಲೆ ವೈನಿ ಒಬ್ಬೊಬ್ಬ ಮುತ್ತೈದೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಸೆರಗೊಡ್ಡಿ ಕೂತವಳ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಮೇಲೊಂದು ರವಿಕೆಯ ಖಣ. ಅವತ್ತು ಖಣದೊಳಗೆ ಸುತ್ತಿದ ಒಂದು ಡಬ್ಬಿಯೂ ಬಿತ್ತು. ಹಸಿರು ಬಣ್ಣ, ಮೇಲೆ ಎಲೆಗಳ ಚಿತ್ರ, ದೊಡ್ಡ ಅಕ್ಷರದಲ್ಲಿ ಸಂಪೂರ್ಣ ಆರೋಗ್ಯ.

"ಏನ್ರಿ ವೈನಿ ಇದು?" ಅಂದೆ.

"ಪೌಷ್ಟಿಕ ಪುಡಿರಿ. ಕೂದಲಾ, ಉಗುರಾ, ಮೊಣಕಾಲಾ, ಥೈರಾಯ್ಡಾ, ಎಲ್ಲಾದಕ್ಕೂ ಒಂದ. ಮುಂಜಾನೆ ಒಂದ ಚಮಚ, ಅಷ್ಟ. ಇದೊಂದು ನಿಮಗ ದೇವಿತಾಯಿ ಹೆಸರಲೆ ಪುಕ್ಕಟ. ಮುಂದ ಬೇಕಾದವರು ನನಗ ಹೇಳ್ರಿ."

"ಯಾರ ಮ್ಯಾಲ ನೋಡ್ಯಾರ್ರಿ ಇದನ್ನ?"

"ನಮ್ಮ ಅಳಿಯಂದ ಸೊಂಟನೋವು ಮಾಯ ಆಗೇತಿ."

"ಸೊಂಟನೋವು ಪುಡಿ ತಗೊಳ್ಳದವರದೂ ಒಂದಿನ ಹೋಗತೈತ್ರಿ. ತಗೊಂಡವರು ಇಷ್ಟ ಮಂದಿ, ತಗೊಳ್ಳದವರು ಇಷ್ಟ ಮಂದಿ, ಯಾರಿಗೆ ಪುಡಿ ಕೊಟ್ಟಾರ, ಯಾರಿಗೆ ಬರೇ ಹಿಟ್ಟು ಕೊಟ್ಟಾರ ಅನ್ನೋದು ಅವರಿಗೂ ಗೊತ್ತಿಲ್ದಂಗ ಕೊಟ್ಟು, ಆಮ್ಯಾಲ ಹೋಲಿಸಿ ನೋಡ್ಯಾರೇನು?"

ವೈನಿ ನಕ್ಕರು. ಸಣ್ಣ ಮಕ್ಕಳ ಹಟಕ್ಕೆ ನಗುತ್ತಾರಲ್ಲ, ಹಾಗೆ. "ನಿಮಗ ಎಲ್ಲಾದ್ರಾಗೂ ಫ್ಯಾಕ್ಟರಿ ಕಾಣತೈತ್ರಿ. ನಂಬಿಕಿ ಇರಬೇಕು." ಸುತ್ತ ಕೂತವರೂ ನಕ್ಕರು. ನನಗೆ ಮೈ ಉರಿಯಿತು.

ಇಲ್ಲೊಂದು ಮಾತು ಹೇಳಬೇಕು. ಉಡಿಗೆ ಬಿದ್ದದ್ದನ್ನು ನಮ್ಮಲ್ಲಿ ಬೇಡ ಅನ್ನುವುದಿಲ್ಲ, ತಿರುಗಿ ಕೊಡುವುದಿಲ್ಲ, ಇನ್ನೊಬ್ಬರ ಮನೆಗೆ ಕಳಿಸುವುದಿಲ್ಲ. ಉಡಿಯಕ್ಕಿಯನ್ನು ಅವಳೇ ಬೇಯಿಸಿ ಉಣ್ಣಬೇಕು. ಆ ಡಬ್ಬಿಯನ್ನು ಅಂಗಡಿಯಲ್ಲಿ ಮಾರಿದ್ದರೆ ಅಕ್ಕ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಕ್ಕನ ಕೈ ಅಷ್ಟು ಬಿಗಿ. ವೈನಿಗೆ ಅದು ಗೊತ್ತಿತ್ತು. ಮಾರುವ ಮಾಲನ್ನು ತಾಯಿಯ ಹೆಸರಿನಲ್ಲಿ ಸೆರಗಿಗೆ ಹಾಕಿದರಲ್ಲ, ಆ ಜಾಣತನಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಅಕ್ಕ ಪುಡಿಯನ್ನು ಡಬ್ಬಿಯಿಂದ ತೆಗೆದು ದೇವರ ಮನೆಯ ಬೆಳ್ಳಿ ಭರಣಿಗೆ ಹಾಕಿದಳು. ದಿನಾ ಸ್ನಾನ, ಪೂಜೆ, ತೀರ್ಥ, ಆಮೇಲೆ ಒಂದು ಚಮಚೆ ಪುಡಿ. ಮುಗಿದಾಗ ವೈನಿಗೆ ಹೇಳಿ ಇನ್ನೊಂದು ಡಬ್ಬಿ. ಆಕೆಗೆ ಥೈರಾಯ್ಡಿನ ತೊಂದರೆ ಬಹಳ ವರ್ಷದ್ದು. ಕುತ್ತಿಗೆಯ ಆ ಗ್ರಂಥಿ ಮಾಡಬೇಕಾದ ಕೆಲಸವನ್ನು ಬೆಳಗ್ಗೆ ಖಾಲಿ ಹೊಟ್ಟೆಯ ಒಂದು ಸಣ್ಣ ಗುಳಿಗೆ ಮಾಡುತ್ತಿತ್ತು. ಆಗಾಗ ರಕ್ತ ಪರೀಕ್ಷೆ. ಟಿಎಸ್‌ಎಚ್ ಅನ್ನುವ ಅಂಕಿ ಏರಿದರೆ ಗುಳಿಗೆ ಸಾಲದು ಅಂತ ಅರ್ಥ, ಇಳಿದರೆ ಹೆಚ್ಚಾಯಿತು ಅಂತ.

ದೀಪಾವಳಿ ಮುಗಿದ ಮೇಲೆ ಪರೀಕ್ಷೆ ಮಾಡಿಸಿದಳು. ಅಂಕಿ ಇಳಿದಿತ್ತು. ಡಾಕ್ಟರು ಬೇರೆ ಏನಾದರೂ ಔಷಧಿ ತಗೊಳ್ಳುತ್ತಿದ್ದೀರಾ ಅಂತ ತೆಲುಗಿನಲ್ಲಿ ಕೇಳಿದರಂತೆ. ಅಕ್ಕ "ಏಮೀ ಲೇದು" ಅಂದಳು, ಏನೂ ಇಲ್ಲ. ಸುಳ್ಳು ಹೇಳಿದ್ದಲ್ಲ. ಆಕೆಯ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಉಡಿಯಲ್ಲಿ ಬಂದದ್ದು. ಡಾಕ್ಟರ ಮುಂದೆ ಹೇಳುವ ಸಂಗತಿಯೇ ಅಲ್ಲ. ಅವರು ಗುಳಿಗೆ ಅರ್ಧಕ್ಕೆ ಇಳಿಸಿದರು.

ಅವತ್ತು ಅಕ್ಕ ಫೋನು ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ರಿಪೋರ್ಟ್ ಎಲ್ಲೈತಿ, ರಿಪೋರ್ಟ್ ಎಲ್ಲೈತಿ ಅಂತ ಜೀವ ತಿಂತಿದ್ದೆಲ್ಲಾ, ತಗೋ ರಿಪೋರ್ಟ್. ಗುಳಿಗಿ ಅರ್ಧಾ ಮಾಡ್ಯಾರ."

ರಿಪೋರ್ಟಿನ ಮುಂದೆ ನಾನು ಏನು ಹೇಳಲಿ? ಅಳಿಯನ ಸೊಂಟವಾದರೆ ಜಗಳ ಆಡಬಹುದು. ಇದು ಯಂತ್ರ ಕೊಟ್ಟ ಅಂಕಿ, ನಾನು ಜೀವಮಾನವಿಡೀ ನಂಬಿದ ಸರಕು. ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಪರೀಕ್ಷೆ, ಅಂಕಿ ಇನ್ನೂ ಕೆಳಗೆ. ಡಾಕ್ಟರು ಗುಳಿಗೆ ಪೂರಾ ನಿಲ್ಲಿಸಿ, ಕೆಲವು ತಿಂಗಳು ಬಿಟ್ಟು ಬನ್ನಿ ಅಂದರು. ವೈನಿ ಮನೆಗೇ ಬಂದು ಆ ರಿಪೋರ್ಟಿನ ಫೋಟೋ ತೆಗೆದುಕೊಂಡು ಹೋದರು. ಮುಂದಿನ ಶುಕ್ರವಾರದ ಭಜನೆಯಲ್ಲಿ ಹಾಡಿಗಿಂತ ಅದರದ್ದೇ ಮಾತು. ಹಾಡು ಕಲಿಯಲು ಅಕ್ಕನ ಮಗ್ಗುಲಲ್ಲೇ ಕೂರುವ ಒಬ್ಬಳು ಹೊಸ ಸೊಸೆ ಇದ್ದಳು, ಬೀದರ ಕಡೆಯ ಹುಡುಗಿ. ಅವಳಿಗೂ ಥೈರಾಯ್ಡು. "ಅಕ್ಕಾರ, ಖರೇನ ಗುಳಿಗಿ ಬಿಟ್ರೇನ್ರಿ?" ಅಂತ ಅವಳು ಕಣ್ಣರಳಿಸಿ ಕೇಳಿದಳು. ಅಕ್ಕ ಹೆಮ್ಮೆಯಿಂದ ತಲೆಯಾಡಿಸಿದಳು. ನಾನು ಚುರುಮುರಿ ತಿನ್ನುತ್ತಾ ಸುಮ್ಮನೆ ಕೂತಿದ್ದೆ.

ಬೇಸಿಗೆ ಬಂತು. ಹೈದರಾಬಾದಿನ ಬಿಸಿಲಿಗೆ ಟಾರು ಮೆತ್ತಗಾಗುವ ದಿನಗಳಲ್ಲಿ ಅಕ್ಕ ಶಾಲು ಹೊದ್ದು ಕೂರತೊಡಗಿದಳು. ಮುಖ ಬಾತಿತ್ತು. ಮಾತು ನಿಧಾನ, ನಡೆ ನಿಧಾನ, ಕೂತಲ್ಲೇ ತೂಕಡಿಕೆ. ದನಿ ಒಡೆದು ಗೊಗ್ಗರಾಯಿತು. ಭಾವ "ವಯಸ್ಸಾತು, ಏನ್ಮಾಡೂದು" ಅಂತ ಪೇಪರಿಗೆ ಮುಖ ತಿರುಗಿಸಿದರು. ವೈನಿಯನ್ನು ಕೇಳಿದರೆ ಅವರಲ್ಲಿ ಉತ್ತರ ತಯಾರಿತ್ತು.

"ಮೈಯಾಗಿನ ವಿಷ ಹೊರಗ ಬರಾಕತ್ತೈತ್ರಿ. ಹಿಂಗ ಆಗತೈತಿ. ಎರಡ ಚಮಚ ಮಾಡ್ರಿ."

ಇದನ್ನು ನೋಡಿ. ಆರಾಮಾದರೆ ಪುಡಿಯ ಪ್ರತಾಪ, ಹಾಳಾದರೆ ವಿಷ ಹೊರಗೆ ಬರುತ್ತಿದೆ ಅಂತ ಪುಡಿಯದೇ ಪ್ರತಾಪ. ಏನೇ ಆದರೂ ಸೋಲದ ಮಾಲು ಅದು. ಸೋಲುವ ದಾರಿಯೇ ಇಲ್ಲದ ಮಾತನ್ನು ನಮ್ಮ ಪರೀಕ್ಷೆ ವಿಭಾಗದಲ್ಲಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನಾನು ಅಲ್ಲೇ ಕೂಗಾಡಿದೆ. ಅಕ್ಕ ನನ್ನ ಕೈ ಹಿಸುಕಿ, "ಮಂದಿ ಮುಂದ ಸುಮ್ನಿರು" ಅಂದಳು.

ಅದೇ ತಿಂಗಳ ಒಂದು ಶುಕ್ರವಾರ, ಅಕ್ಕನ ಮನೆಯಲ್ಲೇ ಭಜನೆ. ಪ್ರತಿ ಸಲ ಕೊನೆಗೆ ಹೇಳುವ ದೇವಿಯ ಪದವನ್ನು ಅಕ್ಕ ಎತ್ತಿಕೊಂಡಳು. ಮೇಲಕ್ಕೆ ಹೋಗುವ ಸಾಲು ಬಂತು. ಬಾಯಿ ತೆರೆದಳು, ದನಿ ಬರಲಿಲ್ಲ. ಇನ್ನೊಮ್ಮೆ ಎತ್ತಿಕೊಂಡಳು, ಗಾಳಿ ಬಂತು. ನುಡಿಯೂ ಮರೆತುಹೋಯಿತು. ಉಳಿದವರು ಗಡಿಬಿಡಿಯಲ್ಲಿ ಮುಂದಿನ ಸಾಲು ಹಿಡಿದು ಹಾಡು ಮುಗಿಸಿದರು. ಅಕ್ಕ ತಾಳ ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದಳು.

ಎಲ್ಲರೂ ಹೋದ ಮೇಲೆ ಆಕೆಯ ಗಂಟಲಿಗೆ ಜೀರಿಗೆ ಕಷಾಯ ಮಾಡೋಣ ಅಂತ ಅಡುಗೆ ಮನೆಗೆ ಹೋದೆ. ಕಟ್ಟೆಯ ಮೇಲಿನ ಜೀರಿಗೆ ಡಬ್ಬಿ ಕೈಗೆ ತಗೊಂಡರೆ ಅದೇ ಹಸಿರು ಡಬ್ಬಿ. ನಮ್ಮ ಮನೆಗಳಲ್ಲಿ ಡಬ್ಬಿ ಬಿಸಾಡುವ ಪದ್ಧತಿ ಇಲ್ಲವಲ್ಲ. ಪುಡಿ ಭರಣಿಗೆ ಹೋಗಿತ್ತು, ಡಬ್ಬಿಗೆ ಜೀರಿಗೆ ಬಂದಿತ್ತು. ನನ್ನ ಉಡಿಗೆ ಬಿದ್ದದ್ದನ್ನು ಸಿಟ್ಟಿನಲ್ಲಿ ಓದದೆಯೇ ಅಟ್ಟಕ್ಕೆ ಎಸೆದಿದ್ದೆ. ಮೊದಲ ಸಲ ಇದರ ಹಿಂಬದಿ ತಿರುಗಿಸಿದೆ. ಇರುವೆಯಷ್ಟು ಅಕ್ಷರ. ಕನ್ನಡಕ ಹಾಕಿಕೊಂಡು ಓದಿದೆ. ಎಲೆ, ಬೇರು, ನಾರು, ಆಮೇಲೆ ಬಯೋಟಿನ್. ಕೂದಲಿಗೆ, ಉಗುರಿಗೆ ಅಂತ ಮಾರುವ ವಿಟಮಿನ್. ದಿನಕ್ಕೆ ಬೇಕಾದದ್ದರ ನೂರಾರು ಪಟ್ಟು ಇತ್ತು ಒಂದೊಂದು ಚಮಚೆಯಲ್ಲಿ. ಎರಡು ಚಮಚೆ ಅಂದರೆ ಅದರ ಎರಡರಷ್ಟು.

ನಾನು ಸ್ಟವ್ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಥೈರಾಯ್ಡ್ ಪರೀಕ್ಷೆಯ ಎಷ್ಟೋ ಕಿಟ್ಟುಗಳಲ್ಲಿ ಇದೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲಿ ಹುಡುಕುವ ವಸ್ತುವನ್ನು ಹಿಡಿದು ನಿಲ್ಲಿಸಲಿಕ್ಕೆ ಆ ಅಂಟು ಬೇಕು. ರಕ್ತದೊಳಗೇ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಅಂಟುವ ಜಾಗವನ್ನೆಲ್ಲ ಅದೇ ಆಕ್ರಮಿಸುತ್ತದೆ. ಹಿಡಿಯಬೇಕಾದ ಟಿಎಸ್‌ಎಚ್ ತೊಳೆದುಹೋಗುತ್ತದೆ. ಯಂತ್ರ ಪಾಪ ಸಿಕ್ಕಷ್ಟನ್ನು ಎಣಿಸಿ, ಕಡಿಮೆ ಇದೆ ಅಂತ ಅಚ್ಚು ಹಾಕುತ್ತದೆ. ಇದೇನೂ ಗುಟ್ಟಲ್ಲ, ಪರೀಕ್ಷೆಯ ಕಸುಬಿನವರಿಗೆ ತಿಳಿದ ಮಾತೇ. ಆದರೆ ಪುಡಿ ತಗೊಳ್ಳುತ್ತೇನೆ ಅಂತ ಯಾರಾದರೂ ಹೇಳಿದರಲ್ಲವೇ ಅವರಿಗೆ ಹೊಳೆಯುವುದು. ಅಕ್ಕನಿಗೆ ಆರಾಮಾಗಿರಲೇ ಇಲ್ಲ. ಪುಡಿ ಕಾಯಿಲೆಯನ್ನು ಬಿಟ್ಟು ರಿಪೋರ್ಟನ್ನು ವಾಸಿ ಮಾಡಿತ್ತು. ಆ ಅಂಕಿ ನಂಬಿ, ಬೇಕೇಬೇಕಾಗಿದ್ದ ಗುಳಿಗೆಯನ್ನು ನಿಲ್ಲಿಸಿದ್ದರು. ದನಿ, ಮುಖ, ಚಳಿ, ಮರೆವು, ಎಲ್ಲ ಗುಳಿಗೆ ಇಲ್ಲದ್ದರಿಂದ.

ಅಕ್ಕನಿಗೆ ಹೇಳಿದೆ. ಒಪ್ಪಲಿಲ್ಲ. "ಉಡಿಗೆ ಬಂದದ್ದನ್ನ ನಡುವ ಬಿಡಬಾರದು" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಉಡಿಗೆ ಬಂದದ್ದು ಮೊದಲನೇ ಡಬ್ಬಿ ಅಕ್ಕಾ. ಆಮ್ಯಾಲಿನವು ನೀ ಕೊಂಡದ್ದು" ಅಂದೆ. ಆಮೇಲೆ ನಾನೂ ತಣ್ಣಗಾಗಿ ನನ್ನ ಕಸುಬಿನ ಮಾತು ಆಡಿದೆ. "ನೀ ನನ್ನ ನಂಬಬ್ಯಾಡ. ವೈನಿನ್ನೂ ನಂಬಬ್ಯಾಡ. ಒಂದು ವಾರ ಪುಡಿ ಮುಟ್ಟಬ್ಯಾಡ. ಅದ ಲ್ಯಾಬ್, ಅದ ಟೆಸ್ಟ್. ಅಂಕಿ ಹಂಗ ಇದ್ರ ನಾಳಿಂದ ನಾನೂ ದಿನಾ ಎರಡ ಚಮಚ ತಿಂತೀನಿ, ವೈನಿ ಕಾಲಿಗೆ ಬೀಳ್ತೀನಿ."

ವೈನಿಯ ಕಾಲಿಗೆ ನಾನು ಬೀಳುವುದನ್ನು ನೋಡುವ ಆಸೆಗಾದರೂ ಇರಬೇಕು, ಅಕ್ಕ ಹೂಂ ಅಂದಳು.

ವಾರ ಕಳೆದು ಬಂದ ಅಂಕಿಯನ್ನು ಡಾಕ್ಟರು ಎರಡು ಸಲ ನೋಡಿದರು. ಏಣಿ ಹಾಕಿದಂತೆ ಮೇಲೆ ಹೋಗಿತ್ತು. ಪುಡಿಯ ವಿಷಯ ನಾನು ಹೇಳಿದೆ. ಅವರು ಅಕ್ಕನ ಮುಖ ನೋಡಿ, "ಕೇಳಿದ್ದೆನಲ್ಲಮ್ಮಾ" ಅಂದರು, ಅಷ್ಟೇ. ಗುಳಿಗೆ ಮತ್ತೆ ಶುರುವಾಯಿತು, ನಿಧಾನವಾಗಿ ಏರಿಸಬೇಕು. ದನಿಯ ಬಗ್ಗೆ ಕೇಳಿದ್ದಕ್ಕೆ, ಸುಧಾರಿಸುತ್ತದೆ, ಎಷ್ಟು ಅಂತ ಈಗಲೇ ಹೇಳಲಾರೆ ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಕ್ಕ ಅತ್ತಳು. ಆ ಅಳುವಿಗೂ ದನಿ ಇರಲಿಲ್ಲ.

ಇಷ್ಟಾದ ಮೇಲೆ ನನ್ನ ಫೋನಿಗೆ ಬೀದರದ ದೂರದ ಸಂಬಂಧಿಕರೊಬ್ಬರಿಂದ ಒಂದು ಫೋಟೋ ಬಂತು. ಅಕ್ಕನ ಸಂಕ್ರಾಂತಿಯ ರಿಪೋರ್ಟು. ಹೆಸರಿನ ಮೇಲೆ ಬೆರಳಿಟ್ಟಿದ್ದರು, ಆದರೆ ಕೆಳಗೆ ಹಾಸಿದ ಕಸೂತಿಯ ಬಟ್ಟೆ ನಾನೇ ಹಾಕಿಕೊಟ್ಟದ್ದು. ಮೇಲೆ ಬರೆದಿತ್ತು: ಥೈರಾಯ್ಡ್ ಗುಳಿಗೆಗೆ ವಿದಾಯ, ಇದೇ ಸಾಕ್ಷಿ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ವೈನಿಗೆ ಫೋನು ಹಚ್ಚಿದೆ.

"ರಿಪೋರ್ಟ್ ಖರೇನ ಐತಲ್ರಿ, ನಾನೇನು ಸುಳ್ಳ ಬರದೇನೇನು?" ಅಂದರು. ಪುಡಿ ಬಿಟ್ಟ ಮೇಲಿನ ಅಂಕಿ ಹೇಳಿದೆ. "ನೋಡ್ರಿ ಮತ್ತ, ಬಿಟ್ಟ ಕೂಡ್ಲೇ ಹೆಂಗ ಏರೇತಿ" ಅಂದರು. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಕ್ಕನಿಗೆ ಹೇಳಿದೆ, ನೀನೇ ಮಂಡಳಿಯಲ್ಲಿ ಎದ್ದು ನಿಂತು ಹೇಳಬೇಕು ಅಂತ. "ಮಂಡಳಿ ಒಡೀತೈತಿ" ಅಂದಳು. ಒಡೆದು ಹಾಳಾಗಲಿ ಅಂದೆ.

ಮೊದಲ ಮಳೆ ಬಿದ್ದ ವಾರ ಆ ಬೀದರದ ಹುಡುಗಿಯ ಕುಬಸ ಇತ್ತು. ತುಂಬು ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹರಸುವ ಕಾರ್ಯ. ಮೊದಲ ಉಡಿ ಅಕ್ಕನೇ ತುಂಬಬೇಕು ಅಂತ ಹುಡುಗಿ ಹಟ ಹಿಡಿದಿದ್ದಳು. ನನಗೂ ಕರೆ ಇತ್ತು. ಮಣೆಯ ಮೇಲೆ ಅವಳು ಸೆರಗೊಡ್ಡಿ ಕೂತಿದ್ದಳು. ವೈನಿ ಹರಿವಾಣ ತಂದು ಅಕ್ಕನ ಕೈಗಿಟ್ಟರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಖಣ. ಖಣದ ಮಡಿಕೆಯಿಂದ ಹಸಿರು ಡಬ್ಬಿಯ ತುದಿ ಕಾಣುತ್ತಿತ್ತು.

ಹೊಟ್ಟೆಯೊಳಗಿನ ಕೂಸಿಗೆ ತಾಯಿಯ ಥೈರಾಯ್ಡು ಸರಿ ಇರುವುದು ಎಷ್ಟು ಮುಖ್ಯ ಅನ್ನುವುದು ನನಗೆ ಗೊತ್ತು. ನಾನು ಏಳುವ ಮೊದಲೇ ಅಕ್ಕ ಖಣ ಬಿಚ್ಚಿ ಡಬ್ಬಿ ತೆಗೆದು ತನ್ನ ಮಗ್ಗುಲಿಗೆ ಇಟ್ಟುಕೊಂಡಳು.

"ಉಡಿ ಸಾಮಾನು ಕಡಿಮಿ ಮಾಡಬಾರದ್ರಿ, ಅಪಶಕುನ" ಅಂದರು ವೈನಿ.

"ಅಪಶಕುನ ಆದ್ರ ನನಗ ಆಗಲಿ" ಅಂದಳು ಅಕ್ಕ. ಆಮೇಲೆ ಸುತ್ತ ಕೂತವರ ಕಡೆ ತಿರುಗಿದಳು. "ನನ್ನ ರಿಪೋರ್ಟ್ ನಿಮ್ಮೆಲ್ಲಾರ ಫೋನ್‌ನ್ಯಾಗ ಐತಿ. ಈಗ ನನ್ನ ದನಿ ಕೇಳ್ರಿ."

ಅದೇ ದೇವಿಯ ಪದ ಎತ್ತಿಕೊಂಡಳು. ಒಡಕು ದನಿ, ನಡುನಡುವೆ ಬರೀ ಉಸಿರು. ಮೇಲಿನ ಸಾಲು ಬಂದಾಗ ಹಿಂದೆ ಸರಿಯಲಿಲ್ಲ. ಅಲ್ಲಿ ದನಿ ಇರಲಿಲ್ಲ, ಆಕೆ ಬಾಯಿ ತೆರೆದುಕೊಂಡೇ ಆ ಸಾಲು ಇರಬೇಕಾದಷ್ಟು ಹೊತ್ತು ಇದ್ದಳು. ಈ ಸಲ ಯಾರೂ ಮುಂದಿನ ಸಾಲು ಹಿಡಿದು ಮುಚ್ಚಲಿಲ್ಲ. ಪದ ಕೊನೆಯವರೆಗೆ ಹೇಳಿ, ಗುಳಿಗೆ ನಿಂತದ್ದು, ಪುಡಿ ಬಿಟ್ಟು ಪರೀಕ್ಷೆ ಮಾಡಿಸಿದ್ದು, ಎಲ್ಲ ಹೇಳಿದಳು. ಆಮೇಲೆ ಅಕ್ಕಿ ಬೊಗಸೆ ತುಂಬಿ ಹುಡುಗಿಯ ಉಡಿಗೆ ಹಾಕಿದಳು. ವೈನಿ ಒಳಗೆ ಹೋದರು.

ಹುಡುಗಿ ತಲೆ ಎತ್ತಲಿಲ್ಲ. ಉಡಿಯ ಅಕ್ಕಿಯನ್ನೇ ನೋಡುತ್ತಾ ಮೆಲ್ಲಗೆ ಅಂದಳು, "ಅಕ್ಕಾರ, ನಾನು ನಿಮ್ಮ ರಿಪೋರ್ಟ್ ನೋಡೇ ತಗೊಳ್ಳಾಕ ಹತ್ತೀನ್ರಿ. ಹೋದ ತಿಂಗಳ ನಂದೂ ಗುಳಿಗಿ ಕಡಿಮಿ ಮಾಡ್ಯಾರ."

ಊಟಕ್ಕೆ ನಿಲ್ಲಲಿಲ್ಲ. ಕುಬಸದ ಸೀರೆಯಲ್ಲೇ, ಕಟ್ಟಿದ ಉಡಿಯ ಸಮೇತ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅವಳ ಡಾಕ್ಟರ ಹತ್ತಿರ ಹೋದೆವು. ದಾರಿಯುದ್ದಕ್ಕೂ ಅಕ್ಕ ಅವಳ ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಡಬ್ಬಿ. ಬೇರೆ ಏನಾದರೂ ತಗೊಳ್ಳುತ್ತೀಯಾ ಅಂತ ಡಾಕ್ಟರು ಕೇಳಿದಾಗ ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅವರು ಹಿಂಬದಿ ತಿರುಗಿಸಿ ಪೂರಾ ಓದಿದರು. ಇವತ್ತೇ ನಿಲ್ಲಿಸು ಅಂದರು, ಮತ್ತೆ ಯಾವತ್ತು ರಕ್ತ ಕೊಡಬೇಕು ಅಂತ ಬರೆದರು. ಕೂಸಿನ ಬಗ್ಗೆ ಹುಡುಗಿ ಕೇಳಿದ್ದಕ್ಕೆ, ನೋಡೋಣ ಅಂದರು. ಆಮೇಲೆ ಕನ್ನಡಕ ತೆಗೆದು, ಬಸುರಿಗೆ ಇದನ್ನು ಯಾರು ಕೊಟ್ಟರು ಅಂತ ತೆಲುಗಿನಲ್ಲಿ ಕೇಳಿದರು.

ಹುಡುಗಿ ನಮ್ಮಿಬ್ಬರ ಮುಖ ನೋಡಿದಳು. ವೈನಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನನ್ನನ್ನು ತಡೆದಳು. ಆ ಗಡಿಬಿಡಿಯಲ್ಲಿ ತೆಲುಗು ಮರೆತು, ಒಡೆದ ದನಿಯಲ್ಲಿ ಕನ್ನಡದಲ್ಲೇ ಹೇಳಿದಳು.

"ನಾವ ಕೊಟ್ಟೀವ್ರಿ. ಉಡಿಯೊಳಗ ಹಾಕಿ ಕೊಟ್ಟೀವಿ."